ಮನೆಯ ಕಂಪ್ಯೂಟರನ್ನು ದೂರದಿಂದ ಬಳಸುವ ಬಗೆ: ಮೊದಲು 3389ರ ಬಾಗಿಲು ಮುಚ್ಚಿ

ಪ್ರಶ್ನೆ: ನನ್ನ ಮನೆಯಲ್ಲಿ ವಿಂಡೋಸ್ 11 ಹೋಮ್ ಇರುವ ಡೆಸ್ಕ್‌ಟಾಪ್ ಕಂಪ್ಯೂಟರ್ ಇದೆ. ಕೆಲಸದ ನಿಮಿತ್ತ ಎರಡು ಮೂರು ವಾರ ಮನೆಯಿಂದ ದೂರವಿರುತ್ತೇನೆ; ಆಗ ಲೆಕ್ಕಪತ್ರದ ಕಡತಗಳನ್ನೂ ನಕ್ಷೆ ಬರೆಯುವ ಒಂದು ತಂತ್ರಾಂಶವನ್ನೂ ಲ್ಯಾಪ್‌ಟಾಪ್‌ನಿಂದಲೇ ಬಳಸಬೇಕಾಗುತ್ತದೆ. ಒಂದು ವಿಡಿಯೊ ನೋಡಿ ರೂಟರ್‌ನಲ್ಲಿ 3389 ಪೋರ್ಟ್ ತೆರೆದಿದ್ದೇನೆ, ಆದರೆ ಸಂಪರ್ಕವೇ ಆಗುತ್ತಿಲ್ಲ. ವಿಡಿಯೊದಲ್ಲಿ ತೋರಿಸಿದ ರಿಮೋಟ್ ಡೆಸ್ಕ್‌ಟಾಪ್ ಗುಂಡಿಯೂ ನನ್ನ ಕಂಪ್ಯೂಟರ್‌ನಲ್ಲಿ ಕಾಣುತ್ತಿಲ್ಲ. ಸ್ವಲ್ಪ ಹೊತ್ತು ಬಿಟ್ಟರೆ ಕಂಪ್ಯೂಟರ್ ನಿದ್ರೆಗೆ ಜಾರುತ್ತದೆ, ಇದಕ್ಕೇನು ಮಾಡಬೇಕು? ನಾನು ದೂರದಿಂದ ಕೆಲಸ ಮಾಡುವಾಗ ಮನೆಯಲ್ಲಿರುವವರಿಗೆ ಪರದೆಯಲ್ಲಿ ಎಲ್ಲವೂ ಕಾಣುತ್ತದೆಯೇ?

ಉತ್ತರ: ಮುಂದೆ ಓದುವ ಮೊದಲು ಒಂದು ಕೆಲಸ ಮುಗಿಸಿ ಬನ್ನಿ. ರೂಟರ್‌ನ ನಿರ್ವಹಣಾ ಪುಟವನ್ನು ತೆರೆದು, ಪೋರ್ಟ್ ಫಾರ್ವರ್ಡಿಂಗ್ ಅಥವಾ ವರ್ಚುವಲ್ ಸರ್ವರ್ ಎಂಬ ಹೆಸರಿನ ವಿಭಾಗದಲ್ಲಿ ನೀವು ಸೇರಿಸಿದ 3389ರ ಸಾಲನ್ನು ಅಳಿಸಿ, ಬದಲಾವಣೆಯನ್ನು ಉಳಿಸಿ. ಈಗ ಆ ಸಾಲಿನಿಂದ ನಿಮಗೆ ಹಾನಿಯಾಗಿಲ್ಲ, ಏಕೆಂದರೆ ಪೋರ್ಟ್ ಎಂದರೆ ಸಂಪರ್ಕಗಳು ಬಂದು ತಟ್ಟುವ, ಸಂಖ್ಯೆಯುಳ್ಳ ಒಂದು ಬಾಗಿಲು; 3389 ರಿಮೋಟ್ ಡೆಸ್ಕ್‌ಟಾಪ್ ಸೇವೆಯದು, ನಿಮ್ಮ ಕಂಪ್ಯೂಟರ್‌ನಲ್ಲಿ ಅದಕ್ಕೆ ಓಗೊಡುವ ಆ ಸೇವೆಯೇ ಇಲ್ಲ. ನೀವು ಬಾಗಿಲು ಕೊರೆದದ್ದರ ಹಿಂದೆ ಗೋಡೆಯಿದೆ. ಆದರೆ ಇಂಥ ಸಾಲುಗಳು ಮರೆತುಹೋಗುತ್ತವೆ. ಮುಂದೊಂದು ದಿನ ನೀವು ಪ್ರೊ ಆವೃತ್ತಿಗೆ ಬದಲಾಯಿಸಿ ಆ ಗುಂಡಿಯನ್ನು ಒತ್ತಿದ ಕ್ಷಣವೇ ಹಳೆಯ ಸಾಲಿಗೆ ಜೀವ ಬರುತ್ತದೆ, ನಿಮ್ಮ ಲಾಗಿನ್ ಪರದೆ ಇಡೀ ಅಂತರ್ಜಾಲದ ಮುಂದೆ ನಿಲ್ಲುತ್ತದೆ, ಅದು ನಿಮಗೆ ತಿಳಿಯುವುದೂ ಇಲ್ಲ.

ಹಾಗೆ ನಿಂತರೆ ಏನಾಗುತ್ತದೆ ಎಂಬುದನ್ನು ಊಹಿಸಬೇಕಾಗಿಲ್ಲ. ಹೀಗೆಯೇ 3389 ತೆರೆದಿಟ್ಟಿದ್ದ ಪರಿಚಿತರೊಬ್ಬರ ಕಂಪ್ಯೂಟರ್‌ನಲ್ಲಿ ನಾನು ಈವೆಂಟ್ ವ್ಯೂವರ್ ತೆರೆದು, ಭದ್ರತಾ ದಾಖಲೆಯಲ್ಲಿ 4625 ಎಂಬ ಸಂಖ್ಯೆಯ ನಮೂದುಗಳನ್ನು ಮಾತ್ರ ಸೋಸಿ ನೋಡಿದ್ದೆ. ವಿಂಡೋಸ್‌ನಲ್ಲಿ ಈ ಸಂಖ್ಯೆ ವಿಫಲವಾದ ಪ್ರವೇಶ ಪ್ರಯತ್ನವನ್ನು ಸೂಚಿಸುತ್ತದೆ. ಪಟ್ಟಿಯ ಗುಂಡಿಯನ್ನು ಎಷ್ಟು ಕೆಳಗೆಳೆದರೂ ಅದೇ ಸಾಲು: ಅಡ್ಮಿನಿಸ್ಟ್ರೇಟರ್, ಅಡ್ಮಿನ್, ಟೆಸ್ಟ್, ಯೂಸರ್, ಮತ್ತೆ ಅಡ್ಮಿನಿಸ್ಟ್ರೇಟರ್, ಕೆಲವು ಸೆಕೆಂಡುಗಳಿಗೊಂದು, ಮಧ್ಯರಾತ್ರಿಯಲ್ಲೂ ನಿಲ್ಲದೆ. ಯಾರೋ ಕುಳಿತು ಅವರನ್ನೇ ಗುರಿಯಾಗಿಸಿಕೊಂಡಿದ್ದರು ಎಂದಲ್ಲ. ಅಂತರ್ಜಾಲದ ಎಲ್ಲ ವಿಳಾಸಗಳನ್ನೂ ಒಂದೊಂದಾಗಿ ತಟ್ಟಿ ನೋಡುವ ಕೆಲಸವನ್ನು ಯಂತ್ರಗಳೇ ಮಾಡುತ್ತವೆ. ಅಂತರ್ಜಾಲದ ವಿಳಾಸ ಪದ್ಧತಿಯಾದ ಐಪಿಯ ನಾಲ್ಕನೇ ಆವೃತ್ತಿಯಲ್ಲಿ ಒಟ್ಟು ಸುಮಾರು 429 ಕೋಟಿ ವಿಳಾಸಗಳಿವೆ. ಕೇಳಲು ದೊಡ್ಡ ಸಂಖ್ಯೆ, ಆದರೆ 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಜೀಮ್ಯಾಪ್ ಎಂಬ ತಂತ್ರಾಂಶ ಬಳಸಿ, ವೇಗದ ಸಂಪರ್ಕವಿರುವ ಒಂದೇ ಕಂಪ್ಯೂಟರ್‌ನಿಂದ, ಒಂದು ಪೋರ್ಟ್‌ನ ಮಟ್ಟಿಗೆ ಈ ಇಡೀ ವ್ಯಾಪ್ತಿಯನ್ನು 45 ನಿಮಿಷಗಳೊಳಗೆ ತಡಕಾಡಿ ಮುಗಿಸಬಹುದೆಂದು ತೋರಿಸಿದರು. ನನ್ನ ಮನೆಯ ವಿಳಾಸ ಯಾರಿಗೆ ಗೊತ್ತಾಗುತ್ತದೆ ಎಂಬ ಸಮಾಧಾನಕ್ಕೆ ಅಂದಿನಿಂದ ಅರ್ಥವಿಲ್ಲ. 3389ರ ಬದಲು 40,000ದ ಆಸುಪಾಸಿನ ಯಾವುದೋ ಸಂಖ್ಯೆ ಇಡಿ ಎಂಬ ಸಲಹೆಯೂ ನಿಮಗೆ ಸಿಗುತ್ತದೆ. ಅದರಿಂದ ದಾಖಲೆಯಲ್ಲಿ ಗದ್ದಲ ಕಡಿಮೆಯಾಗುತ್ತದೆ, ಅಪಾಯ ಹೋಗುವುದಿಲ್ಲ.

ಪಾಸ್‌ವರ್ಡ್ ಗಟ್ಟಿಯಿದ್ದರೆ ಸಾಲದೇ ಎಂದು ಕೇಳಬಹುದು. ಪಾಸ್‌ವರ್ಡ್ ಕೇಳುವ ಹಂತಕ್ಕೂ ಮೊದಲೇ ಒಳನುಗ್ಗಲು ಅವಕಾಶ ಕೊಡುವ ದೋಷಗಳು ಈ ಸೇವೆಯಲ್ಲಿ ಸಿಕ್ಕಿವೆ. 2019ರ ಮೇ ತಿಂಗಳಲ್ಲಿ ಬಹಿರಂಗವಾದ ಬ್ಲೂಕೀಪ್ ಎಂಬ ದೋಷ ಎಷ್ಟು ಗಂಭೀರವಾಗಿತ್ತೆಂದರೆ, ಐದು ವರ್ಷಗಳ ಹಿಂದೆಯೇ ಬೆಂಬಲ ನಿಲ್ಲಿಸಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತಿದ್ದುಪಡಿ ಬಿಡುಗಡೆ ಮಾಡಬೇಕಾಯಿತು. ಅದು ಹಳೆಯ ಆವೃತ್ತಿಗಳ ಪಾಡು ಎಂದುಕೊಳ್ಳುವಷ್ಟರಲ್ಲಿ, ಅದೇ ವರ್ಷದ ಆಗಸ್ಟ್‌ನಲ್ಲಿ ವಿಂಡೋಸ್ 10ಕ್ಕೂ ತಟ್ಟುವ ಅಂಥವೇ ದೋಷಗಳು ಹೊರಬಂದವು. ತಿದ್ದುಪಡಿ ಬಂದ ದಿನವೇ ಎಲ್ಲರೂ ಅದನ್ನು ಹಾಕಿಕೊಳ್ಳುವುದಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಗಾದೆ ಇಲ್ಲಿ ಅಕ್ಷರಶಃ ಹೊಂದುತ್ತದೆ. ಆದ್ದರಿಂದ ನನ್ನ ಇಡೀ ಉತ್ತರ ನಿಂತಿರುವುದು ಒಂದೇ ನಿಯಮದ ಮೇಲೆ: ಹೊರಗಿನಿಂದ ಒಳಕ್ಕೆ ದಾರಿ ತೆರೆಯಬಾರದು, ಮನೆಯ ಕಂಪ್ಯೂಟರ್ ತಾನಾಗಿ ಹೊರಕ್ಕೆ ಹೋಗಿ ನಿಮ್ಮನ್ನು ಭೇಟಿಯಾಗುವಂತೆ ಮಾಡಬೇಕು.

ಇನ್ನು ಕಾಣದ ಗುಂಡಿಯ ವಿಚಾರ. ನಿಮ್ಮ ಕಣ್ಣಿಗೆ ತಪ್ಪಿಸಿಕೊಂಡಿದ್ದಲ್ಲ, ಅದು ಅಲ್ಲಿ ಇಲ್ಲವೇ ಇಲ್ಲ. ಮೈಕ್ರೋಸಾಫ್ಟ್‌ನ ರಿಮೋಟ್ ಡೆಸ್ಕ್‌ಟಾಪ್, ಅಂದರೆ ಆರ್‌ಡಿಪಿ, 1998ರಲ್ಲಿ ವಿಂಡೋಸ್ ಎನ್‌ಟಿ 4.0ರ ಟರ್ಮಿನಲ್ ಸರ್ವರ್ ಆವೃತ್ತಿಯೊಂದಿಗೆ ಬಂದು, 2001ರಲ್ಲಿ ಎಕ್ಸ್‌ಪಿ ಪ್ರೊಫೆಷನಲ್ ಮೂಲಕ ಸಾಮಾನ್ಯ ಕಂಪ್ಯೂಟರ್‌ಗಳಿಗೂ ದೊರೆಯಿತು. ಎಕ್ಸ್‌ಪಿ ಹೋಮ್‌ಗೆ ಆಗ ಅದನ್ನು ಕೊಡಲಿಲ್ಲ, ವಿಂಡೋಸ್ 11 ಹೋಮ್‌ಗೆ ಇಂದೂ ಕೊಟ್ಟಿಲ್ಲ. ಹೋಮ್ ಆವೃತ್ತಿಯಿಂದ ನೀವು ಬೇರೆ ಕಂಪ್ಯೂಟರ್‌ಗೆ ಹೋಗಬಹುದು, ಬೇರೆಯವರು ನಿಮ್ಮಲ್ಲಿಗೆ ಬರುವಂತಿಲ್ಲ. ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ರಿಮೋಟ್ ಡೆಸ್ಕ್‌ಟಾಪ್ ಎಂಬ ಹೆಸರು ಕಂಡರೂ, ಒಳಹೊಕ್ಕರೆ ನಿಮ್ಮ ಹೋಮ್ ಆವೃತ್ತಿಗೆ ಈ ಸೌಲಭ್ಯವಿಲ್ಲ ಎಂಬ ಸೂಚನೆ ಮಾತ್ರ ಸಿಗುತ್ತದೆ. ಈ ತಡೆಯನ್ನು ದಾಟಿಸುತ್ತೇವೆಂದು ಹೇಳುವ ಕೆಲವು ಹೊರಗಿನ ಜೋಡಣೆಗಳಿವೆ. ಅವು ಪರವಾನಗಿಯ ಷರತ್ತನ್ನು ಮೀರುತ್ತವೆ ಎಂಬುದು ಒಂದು ಮಾತು. ಇನ್ನೊಂದು, ವಿಂಡೋಸ್ ನವೀಕರಣ ಬಂದಾಗ ಅವು ಸದ್ದಿಲ್ಲದೆ ಕೆಟ್ಟುಹೋಗುತ್ತವೆ. ನೀವು ದೂರದಲ್ಲಿರುವಾಗಲೇ ನವೀಕರಣ ಬಂದರೆ ಸರಿಪಡಿಸುವವರು ಯಾರು? ಅವುಗಳ ಗೊಡವೆ ಬೇಡ.

ಪೋರ್ಟ್ ತೆರೆದರೂ ಸಂಪರ್ಕವಾಗದಿರಲು ಎರಡನೆಯ ಕಾರಣವೂ ಇದ್ದಿರಬಹುದು, ಇದನ್ನು ಎರಡು ನಿಮಿಷದಲ್ಲಿ ಪರೀಕ್ಷಿಸಬಹುದು. ರೂಟರ್‌ನ ಸ್ಥಿತಿ ತೋರಿಸುವ ಪುಟದಲ್ಲಿ ವ್ಯಾನ್ ಐಪಿ ಎಂಬ, ರೂಟರ್‌ನ ಹೊರಮುಖದ ವಿಳಾಸವನ್ನು ಬರೆದುಕೊಳ್ಳಿ. ಅನಂತರ ಅದೇ ಜಾಲದಲ್ಲಿರುವ ಕಂಪ್ಯೂಟರ್‌ನಲ್ಲಿ, ನಿಮ್ಮ ಐಪಿ ವಿಳಾಸ ಯಾವುದೆಂದು ತೋರಿಸುವ ಯಾವುದಾದರೂ ತಾಣವನ್ನು ತೆರೆದು ನೋಡಿ. ಎರಡೂ ಒಂದೇ ಆಗಿದ್ದರೆ ನಿಮಗೆ ಸ್ವಂತ ಸಾರ್ವಜನಿಕ ವಿಳಾಸವಿದೆ. ಬೇರೆ ಬೇರೆಯಾಗಿದ್ದು, ರೂಟರ್ ತೋರಿಸುವ ವಿಳಾಸ 100.64ರಿಂದ 100.127ರವರೆಗಿನ ಯಾವುದಾದರೂ ಸಂಖ್ಯೆಗಳಿಂದ ಶುರುವಾಗಿದ್ದರೆ, ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಸಾರ್ವಜನಿಕ ವಿಳಾಸಗಳು ಸಾಲದಾದಾಗ ಸೇವಾ ಸಂಸ್ಥೆಗಳು ಒಂದೇ ವಿಳಾಸವನ್ನು ಅನೇಕ ಮನೆಗಳಿಗೆ ಹಂಚುವ ಏರ್ಪಾಡು ಇದು, ಇದಕ್ಕೆಂದೇ 2012ರಲ್ಲಿ ಆ ವ್ಯಾಪ್ತಿಯನ್ನು ಮೀಸಲಿಡಲಾಯಿತು. ಆಗ ನಿಮ್ಮ ರೂಟರ್‌ನಲ್ಲಿ ಎಷ್ಟು ಪೋರ್ಟ್ ತೆರೆದರೂ ಹೊರಗಿನ ಕರೆ ನಿಮ್ಮವರೆಗೆ ತಲುಪುವುದೇ ಇಲ್ಲ, ಏಕೆಂದರೆ ಅದಕ್ಕೂ ಮೇಲೆ, ನಿಮ್ಮ ಕೈಗೆಟುಕದ ಕಡೆ, ಇನ್ನೊಂದು ರೂಟರ್ ಕುಳಿತಿರುತ್ತದೆ. ಹತ್ತಾರು ಸಂಜೆಗಳನ್ನು ರೂಟರ್ ಪುಟದ ಮುಂದೆ ಕಳೆದು ನನಗೇನೋ ತಿಳಿಯುತ್ತಿಲ್ಲ ಎಂದು ಕೈಚೆಲ್ಲಿದವರನ್ನು ನಾನು ಬಲ್ಲೆ. ಅವರಲ್ಲಿ ಹಲವರ ತಪ್ಪು ಏನೂ ಇರಲಿಲ್ಲ.

ಈಗ ಮಾಡಬೇಕಾದದ್ದು. ನಿಮ್ಮ ಮುಂದೆ ಎರಡು ದಾರಿಗಳಿವೆ, ಎರಡಕ್ಕೂ ಪೋರ್ಟ್ ತೆರೆಯುವ ಅಗತ್ಯವಿಲ್ಲ, ಎರಡೂ ಸಿಜಿನ್ಯಾಟ್ ಹಿಂದಿನಿಂದ ಕೆಲಸ ಮಾಡುತ್ತವೆ.

ಮೊದಲನೆಯದು ಹೋಮ್ ಆವೃತ್ತಿಯನ್ನು ಹಾಗೆಯೇ ಉಳಿಸಿಕೊಂಡು, ಮಧ್ಯವರ್ತಿ ಸೇವೆಯೊಂದನ್ನು ಬಳಸುವುದು. ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್, ಎನಿಡೆಸ್ಕ್, ಟೀಮ್‌ವ್ಯೂವರ್, ಮುಕ್ತ ತಂತ್ರಾಂಶವಾದ ರಸ್ಟ್‌ಡೆಸ್ಕ್ ಇವೆಲ್ಲ ಈ ಗುಂಪಿನವು. ಮನೆಯ ಕಂಪ್ಯೂಟರ್ ಆ ಸೇವೆಯ ಸರ್ವರ್ ಜೊತೆ ಹೊರಮುಖವಾದ ಸಂಪರ್ಕವನ್ನು ಸದಾ ಇಟ್ಟುಕೊಂಡಿರುತ್ತದೆ, ನಿಮ್ಮ ಲ್ಯಾಪ್‌ಟಾಪ್ ಕೂಡ ಅಲ್ಲಿಗೇ ಹೋಗುತ್ತದೆ, ಸರ್ವರ್ ಇಬ್ಬರನ್ನೂ ಪರಿಚಯ ಮಾಡಿಸುತ್ತದೆ. ಸಾಧ್ಯವಾದರೆ ಅಲ್ಲಿಂದಾಚೆ ಇಬ್ಬರೂ ನೇರವಾಗಿ ಮಾತನಾಡಿಕೊಳ್ಳುತ್ತಾರೆ, ಇಲ್ಲವಾದರೆ ಸರ್ವರ್ ಮೂಲಕವೇ ಚಿತ್ರ ಹರಿಯುತ್ತದೆ. ನಿಮ್ಮ ಅಗತ್ಯಕ್ಕೆ ನಾನು ಕ್ರೋಮ್ ರಿಮೋಟ್ ಡೆಸ್ಕ್‌ಟಾಪನ್ನು ಸೂಚಿಸುತ್ತೇನೆ. ಮನೆಯ ಕಂಪ್ಯೂಟರ್‌ನಲ್ಲಿ ಕ್ರೋಮ್ ಬ್ರೌಸರ್ ಮೂಲಕ ಗೂಗಲ್ ಖಾತೆಗೆ ಪ್ರವೇಶಿಸಿ, ಆ ಸೇವೆಯ ಪುಟದಲ್ಲಿ ದೂರಸಂಪರ್ಕ ಹೊಂದಿಸುವ ಆಯ್ಕೆಯನ್ನು ಒತ್ತಿದರೆ ಒಂದು ಪುಟ್ಟ ತಂತ್ರಾಂಶ ಇಳಿಯುತ್ತದೆ. ಅದನ್ನು ಸ್ಥಾಪಿಸಿ, ಕಂಪ್ಯೂಟರ್‌ಗೊಂದು ಹೆಸರು, ಕನಿಷ್ಠ ಆರು ಅಂಕಿಗಳ ಒಂದು ಪಿನ್ ಕೊಟ್ಟರೆ ಮುಗಿಯಿತು. ಅದು ವಿಂಡೋಸ್ ಸೇವೆಯಾಗಿ ಓಡುವುದರಿಂದ, ಕಂಪ್ಯೂಟರ್ ಮರುಚಾಲನೆಯಾಗಿ ಯಾರೂ ಲಾಗಿನ್ ಆಗದೆ ನಿಂತಿದ್ದರೂ ಲಾಗಿನ್ ಪರದೆಯವರೆಗೆ ನೀವು ತಲುಪುತ್ತೀರಿ. ಪಿನ್ ಆರಂಕಿಗೇ ನಿಲ್ಲಬೇಕಾಗಿಲ್ಲ, ಇನ್ನಷ್ಟು ಉದ್ದವಿರಲಿ. ಆದರೆ ನಿಜವಾದ ಬೀಗ ನಿಮ್ಮ ಗೂಗಲ್ ಖಾತೆ. ಅದಕ್ಕೆ ಎರಡು ಹಂತದ ದೃಢೀಕರಣ ಹಾಕಿರದಿದ್ದರೆ ಈ ಕೆಲಸಕ್ಕೆ ಕೈಹಾಕುವ ಮೊದಲು ಹಾಕಿ. ಇತರ ಸೇವೆಗಳಲ್ಲಾದರೆ, ಎದುರು ಯಾರೂ ಇಲ್ಲದಾಗಲೂ ಪ್ರವೇಶಿಸಲು ಪ್ರತ್ಯೇಕ ಪಾಸ್‌ವರ್ಡ್ ಇಡಬೇಕಾಗುತ್ತದೆ, ತಂತ್ರಾಂಶವನ್ನು ಒಮ್ಮೆ ಓಡಿಸಿ ಬಿಡದೆ ಪೂರ್ತಿಯಾಗಿ ಸ್ಥಾಪಿಸಬೇಕಾಗುತ್ತದೆ. ಕೆಲವದರ ಉಚಿತ ಬಳಕೆ ಸ್ವಂತ ಕೆಲಸಕ್ಕೆ ಮಾತ್ರ ಮೀಸಲು; ನಿಮ್ಮ ಲೆಕ್ಕಪತ್ರ ವ್ಯಾಪಾರದ್ದಾಗಿದ್ದರೆ ಷರತ್ತನ್ನು ಓದಿಕೊಳ್ಳಿ.

ಎರಡನೆಯ ದಾರಿ, ವಿಂಡೋಸ್ ಪ್ರೊ ಆವೃತ್ತಿಗೆ ಹೋಗಿ, ಆರ್‌ಡಿಪಿಯನ್ನು ಖಾಸಗಿ ಸುರಂಗದ ಒಳಗೆ, ಅಂದರೆ ನಿಮ್ಮ ಯಂತ್ರಗಳ ನಡುವೆ ಮಾತ್ರ ಗೂಢಲಿಪಿಯಲ್ಲಿ ಮಾತು ಸಾಗಿಸುವ ವಿಪಿಎನ್ ಒಳಗೆ, ಬಳಸುವುದು. ದಿನಕ್ಕೆ ನಾಲ್ಕಾರು ಗಂಟೆ ದೂರದಿಂದಲೇ ದುಡಿಯುವವರಿಗೆ ನಾನು ಇದನ್ನೇ ಹೇಳುತ್ತೇನೆ, ಏಕೆಂದರೆ ಅಕ್ಷರಗಳ ಸ್ಪಷ್ಟತೆ, ಪರದೆಯ ಅಳತೆ ಲ್ಯಾಪ್‌ಟಾಪ್‌ಗೆ ತಕ್ಕಂತೆ ತಾನೇ ಹೊಂದಿಕೊಳ್ಳುವುದು, ಒಂದಕ್ಕಿಂತ ಹೆಚ್ಚು ಮಾನಿಟರ್‌ಗಳ ಬಳಕೆ ಇವುಗಳಲ್ಲಿ ಆರ್‌ಡಿಪಿ ಇಂದಿಗೂ ಮುಂದಿದೆ. ಸುರಂಗಕ್ಕೆ ವೈರ್‌ಗಾರ್ಡ್ ಒಳ್ಳೆಯದು. 2020ರಲ್ಲಿ ಲಿನಕ್ಸ್ ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲ್‌ನ ಭಾಗವೇ ಆದ, ಚಿಕ್ಕದಾಗಿಯೂ ಚೊಕ್ಕವಾಗಿಯೂ ಬರೆದ ವಿಪಿಎನ್ ಅದು. ಆದರೆ ಅದನ್ನು ನೇರವಾಗಿ ಹೊಂದಿಸಲು ಸಾರ್ವಜನಿಕ ವಿಳಾಸವೂ ಒಂದು ತೆರೆದ ಪೋರ್ಟ್ ಕೂಡ ಬೇಕು. ಅದರ ಮೇಲೆಯೇ ಕಟ್ಟಿರುವ ಟೇಲ್‌ಸ್ಕೇಲ್ ಎಂಬ ಸೇವೆ ಈ ತಾಪತ್ರಯವನ್ನು ತಪ್ಪಿಸುತ್ತದೆ. ಮನೆಯ ಕಂಪ್ಯೂಟರ್‌ನಲ್ಲೂ ಲ್ಯಾಪ್‌ಟಾಪ್‌ನಲ್ಲೂ ಅದನ್ನು ಸ್ಥಾಪಿಸಿ ಒಂದೇ ಖಾತೆಯಿಂದ ಪ್ರವೇಶಿಸಿದರೆ, ಎರಡಕ್ಕೂ 100ರಿಂದ ಶುರುವಾಗುವ ಒಂದೊಂದು ಖಾಸಗಿ ವಿಳಾಸ ಸಿಗುತ್ತದೆ, ಅವೆರಡೂ ಒಂದೇ ಕೋಣೆಯಲ್ಲಿದ್ದಂತೆ ಪರಸ್ಪರ ಕಾಣಿಸಿಕೊಳ್ಳುತ್ತವೆ. ಸಿಜಿನ್ಯಾಟ್‌ಗೆ ಮೀಸಲಾದ ವ್ಯಾಪ್ತಿಯನ್ನೇ ಟೇಲ್‌ಸ್ಕೇಲ್ ಕೂಡ ಬಳಸುತ್ತದೆ. ಹಾಗಾಗಿ ಮೇಲೆ ಹೇಳಿದ ಪರೀಕ್ಷೆಯಲ್ಲಿ ಈ ವಿಳಾಸವನ್ನು ಕಂಡು ಗೊಂದಲಪಡಬೇಡಿ, ಆ ಪರೀಕ್ಷೆಗೆ ರೂಟರ್ ಪುಟದ ವಿಳಾಸವೇ ಪ್ರಮಾಣ.

ಟೇಲ್‌ಸ್ಕೇಲ್‌ನಲ್ಲಿ ಎರಡು ಸಣ್ಣ ಆಯ್ಕೆಗಳನ್ನು ಬಿಟ್ಟುಬಿಟ್ಟರೆ ಇಡೀ ಏರ್ಪಾಡು ಒಂದು ದಿನ ಕೈಕೊಡುತ್ತದೆ. ವಿಂಡೋಸ್‌ನಲ್ಲಿ ಯಾರೂ ಲಾಗಿನ್ ಆಗಿಲ್ಲದಾಗಲೂ ಸುರಂಗ ತೆರೆದೇ ಇರಬೇಕಾದರೆ, ಅದರ ಆದ್ಯತೆಗಳ ಪಟ್ಟಿಯಲ್ಲಿ ರನ್ ಅನ್‌ಅಟೆಂಡೆಡ್ ಎಂಬುದನ್ನು ಆರಿಸಿರಬೇಕು; ಇಲ್ಲವಾದರೆ ರಾತ್ರಿ ನವೀಕರಣವಾಗಿ ಕಂಪ್ಯೂಟರ್ ಮರುಚಾಲನೆಗೊಂಡ ಮೇಲೆ ಅದು ನಿಮಗೆ ಸಿಗುವುದಿಲ್ಲ. ಎರಡನೆಯದು, ಪ್ರತಿ ಯಂತ್ರದ ಕೀಲಿಗೂ ಸಾಮಾನ್ಯವಾಗಿ 180 ದಿನಗಳ ಅವಧಿಯಿರುತ್ತದೆ, ಅದು ಮುಗಿದರೆ ಆ ಯಂತ್ರದ ಎದುರಿನಲ್ಲೇ ಕುಳಿತು ಮತ್ತೆ ಪ್ರವೇಶಿಸಬೇಕಾಗಿ ಬರಬಹುದು. ಮನೆಯ ಕಂಪ್ಯೂಟರ್ ಒಂದಕ್ಕೆ ಮಾತ್ರ ಈ ಅವಧಿಯನ್ನು ನಿರ್ವಹಣಾ ಪುಟದಲ್ಲಿ ತೆಗೆದುಹಾಕಿ; ಜೊತೆಗೆ ಒಯ್ಯುವ, ಕಳೆದುಹೋಗಬಹುದಾದ ಲ್ಯಾಪ್‌ಟಾಪ್‌ಗೆ ಅದು ಇದ್ದೇ ಇರಲಿ.

ಪ್ರೊ ಆವೃತ್ತಿಯಲ್ಲಿ ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗಕ್ಕೆ ಹೋಗಿ ರಿಮೋಟ್ ಡೆಸ್ಕ್‌ಟಾಪ್ ಆನ್ ಮಾಡಿ, ನೆಟ್‌ವರ್ಕ್ ಲೆವೆಲ್ ಅಥೆಂಟಿಕೇಷನ್ ಎಂಬ ಗುರುತನ್ನು ಹಾಗೆಯೇ ಬಿಡಿ. ಲಾಗಿನ್ ಪರದೆಯನ್ನು ತೋರಿಸುವ ಮೊದಲೇ ಬಂದವರು ಯಾರೆಂದು ಕೇಳುವ ವ್ಯವಸ್ಥೆ ಅದು. ಹಳೆಯ ಕಂಪ್ಯೂಟರ್‌ನಿಂದ ಸಂಪರ್ಕವಾಗುತ್ತಿಲ್ಲವೆಂದು ಅದನ್ನು ತೆಗೆಯಲು ಯಾರಾದರೂ ಹೇಳಿದರೆ, ಹಳೆಯ ಕಂಪ್ಯೂಟರನ್ನು ಬದಲಿಸುವುದು ಮೇಲು. ಇಲ್ಲಿಯೇ ಬಹಳ ಜನ ಎಡವುವುದು ಪಾಸ್‌ವರ್ಡ್ ವಿಷಯದಲ್ಲಿ. ದಿನವೂ ನಾಲ್ಕಂಕಿಯ ಪಿನ್ ಅಥವಾ ಬೆರಳಚ್ಚಿನಿಂದ ಕಂಪ್ಯೂಟರ್ ತೆರೆಯುವ ಅಭ್ಯಾಸವಿರುವವರು ಅದೇ ಪಿನ್ ಅನ್ನು ಆರ್‌ಡಿಪಿಯಲ್ಲೂ ಹಾಕಿ, ವಿವರ ಸರಿಯಿಲ್ಲ ಎಂಬ ಸಂದೇಶ ಕಂಡು ಕಂಗಾಲಾಗುತ್ತಾರೆ. ಪಿನ್ ಆ ಯಂತ್ರದ ಮುಂದೆ ಕುಳಿತವರಿಗೆ ಮಾತ್ರ; ದೂರದಿಂದ ಬರುವವರು ಖಾತೆಯ ಪೂರ್ಣ ಪಾಸ್‌ವರ್ಡನ್ನೇ ಕೊಡಬೇಕು. ಮೈಕ್ರೋಸಾಫ್ಟ್ ಖಾತೆಯಾಗಿದ್ದರೆ ಆ ಖಾತೆಯ ಪಾಸ್‌ವರ್ಡ್ ಬೇಕು, ಮತ್ತು ಆ ಕಂಪ್ಯೂಟರ್‌ನಲ್ಲಿ ಒಮ್ಮೆಯಾದರೂ ಪಿನ್ ಬದಲು ಪಾಸ್‌ವರ್ಡ್ ಹಾಕಿ ಒಳಹೋಗಿರಬೇಕು. ಇಲ್ಲವಾದರೆ ಸರಿಯಾದ ಪಾಸ್‌ವರ್ಡನ್ನೂ ಅದು ಒಪ್ಪದಿರಬಹುದು. ಸೆಟ್ಟಿಂಗ್ಸ್‌ನ ಸೈನ್ ಇನ್ ಆಯ್ಕೆಗಳಲ್ಲಿ ವಿಂಡೋಸ್ ಹಲೋ (ಪಿನ್, ಬೆರಳಚ್ಚು, ಮುಖಗಳಿಂದ ತೆರೆಯುವ ಬಗೆ) ಮಾತ್ರ ಇರಲಿ ಎಂಬ ಗುಂಡಿ ಆನ್ ಆಗಿದ್ದರೆ ಪಾಸ್‌ವರ್ಡ್ ಹಾಕುವ ಜಾಗವೇ ಕಾಣುವುದಿಲ್ಲ, ಅದನ್ನು ಆಫ್ ಮಾಡಿ. ಇನ್ನು ಪಾಸ್‌ವರ್ಡೇ ಇಲ್ಲದ ಸ್ಥಳೀಯ ಖಾತೆಗಳನ್ನು ವಿಂಡೋಸ್ ದೂರದಿಂದ ಬಿಟ್ಟುಕೊಳ್ಳುವುದಿಲ್ಲ, ಅದು ಸರಿಯಾದ ನಡೆಯೇ.

ಮ್ಯಾಕ್ ಇರುವ ಓದುಗರಿಗೆ ಸ್ಕ್ರೀನ್ ಶೇರಿಂಗ್ ಒಳಗೇ ಇದೆ, ಉಬುಂಟು 22.04ರ ನಂತರದ ಆವೃತ್ತಿಗಳಲ್ಲಿ ಆರ್‌ಡಿಪಿ ಮೂಲಕ ಪರದೆ ಹಂಚಿಕೊಳ್ಳುವ ಸೌಲಭ್ಯವಿದೆ. ಎರಡರಲ್ಲೂ ಸುರಂಗದ ನಿಯಮ ಒಂದೇ. ಪರದೆ ಹಂಚಿಕೊಳ್ಳುವ ಇನ್ನೊಂದು ಹಳೆಯ ಬಗೆಯಾದ ವಿಎನ್‌ಸಿಯ ಮೂಲ ಪದ್ಧತಿಯಲ್ಲಿ ಪಾಸ್‌ವರ್ಡ್ ಎಷ್ಟೇ ಉದ್ದವಿದ್ದರೂ ಮೊದಲ ಎಂಟು ಅಕ್ಷರಗಳಷ್ಟೇ ಲೆಕ್ಕಕ್ಕೆ ಬರುತ್ತವೆ, ಆದ್ದರಿಂದ ಅದರ 5900 ಪೋರ್ಟನ್ನಂತೂ ಹೊರಗೆ ತೋರಿಸಲೇಬಾರದು.

ನಿದ್ರೆಯ ಪ್ರಶ್ನೆ ಚಿಕ್ಕದೆಂದು ನೀವು ಕೊನೆಯ ಸಾಲುಗಳಲ್ಲಿ ಕೇಳಿದ್ದೀರಿ. ನನ್ನ ಅನುಭವದಲ್ಲಿ ದೂರಸಂಪರ್ಕದ ಏರ್ಪಾಡುಗಳು ಸೋಲುವುದು ಬಹುತೇಕ ಇಲ್ಲೇ. ಮಲಗಿದ ಕಂಪ್ಯೂಟರ್ ಯಾವ ಸರ್ವರ್ ಜೊತೆಗೂ ಮಾತಾಡುವುದಿಲ್ಲ, ಯಾವ ಸುರಂಗವನ್ನೂ ಹಿಡಿದಿಡುವುದಿಲ್ಲ. ಅತಿ ಸರಳವಾದ ಪರಿಹಾರವೇ ಅತಿ ಖಚಿತವಾದದ್ದು: ಸೆಟ್ಟಿಂಗ್ಸ್‌ನ ಪವರ್ ವಿಭಾಗದಲ್ಲಿ ನಿದ್ರೆಯ ಅವಧಿಯನ್ನು ನೆವರ್ ಎಂದು ಮಾಡಿ, ಪರದೆ ಮಾತ್ರ ಹತ್ತು ನಿಮಿಷಕ್ಕೆ ಆರುವಂತೆ ಬಿಡಿ. ಪರದೆ ಆರುವುದಕ್ಕೂ ಕಂಪ್ಯೂಟರ್ ಮಲಗುವುದಕ್ಕೂ ಸಂಬಂಧವಿಲ್ಲ. ವಿದ್ಯುತ್ ಉಳಿಸಬೇಕೆಂದಿದ್ದರೆ ವೇಕ್ ಆನ್ ಲ್ಯಾನ್ ಎಂಬ ಉಪಾಯವಿದೆ. ಮಲಗಿರುವ ಕಂಪ್ಯೂಟರ್‌ನ ಜಾಲಫಲಕ (ನೆಟ್‌ವರ್ಕ್ ಕಾರ್ಡ್) ಮಾತ್ರ ಅರೆಗಣ್ಣು ತೆರೆದುಕೊಂಡು, ತನಗೆಂದೇ ಬರುವ ಒಂದು ಗುರುತಿನ ಸಂದೇಶಕ್ಕೆ ಕಾಯುತ್ತಿರುತ್ತದೆ. ಆ ಸಂದೇಶವನ್ನು ಮ್ಯಾಜಿಕ್ ಪ್ಯಾಕೆಟ್ ಎನ್ನುತ್ತಾರೆ. ಹೆಸರು ಮಾಂತ್ರಿಕವಾದರೂ ಒಳಗಿರುವುದು ಆರು ಬೈಟ್‌ಗಳ ಒಂದು ಮುನ್ನುಡಿ ಮತ್ತು ಅದರ ಹಿಂದೆ ಆ ಫಲಕದ ಗುರುತುಸಂಖ್ಯೆಯಾದ ಆರು ಬೈಟ್‌ಗಳ ಮ್ಯಾಕ್ ವಿಳಾಸ ಹದಿನಾರು ಬಾರಿ, ಒಟ್ಟು 102 ಬೈಟ್, ಅಷ್ಟೇ. ಆದರೆ ಅದನ್ನು ಮನೆಯ ಜಾಲದೊಳಗಿನಿಂದಲೇ ಕಳುಹಿಸಬೇಕು, ಹಾಗಾಗಿ ಸದಾ ಎಚ್ಚರವಾಗಿರುವ ಇನ್ನೊಂದು ಸಾಧನವೋ ಈ ಸೌಲಭ್ಯವುಳ್ಳ ರೂಟರೋ ಬೇಕು. ಕಂಪ್ಯೂಟರ್ ಕೇಬಲ್ ಮೂಲಕ ಜೋಡಿಸಿರಬೇಕು, ವೈಫೈನಲ್ಲಿ ಇದನ್ನು ನಂಬುವಂತಿಲ್ಲ. ಬಯೋಸ್‌ನಲ್ಲೂ (ವಿಂಡೋಸ್‌ಗಿಂತ ಮೊದಲೇ ಓಡುವ, ಕಂಪ್ಯೂಟರ್‌ನ ಮೂಲ ತಂತ್ರಾಂಶ) ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲೂ ಅನುಮತಿ ಕೊಟ್ಟಿರಬೇಕು. ಪೂರ್ತಿ ಆರಿಸಿದ ಕಂಪ್ಯೂಟರನ್ನು ಎಬ್ಬಿಸಬೇಕಿದ್ದರೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಎಂಬ ಆಯ್ಕೆಯನ್ನು ತೆಗೆದಿರಬೇಕು. ಇಷ್ಟು ಬೇಕುಗಳ ಸರಪಳಿಯಲ್ಲಿ ಯಾವುದೋ ಒಂದು ಕೊಂಡಿ ನೀವು ದೂರದಲ್ಲಿರುವಾಗಲೇ ಕಳಚುತ್ತದೆ. ಎರಡು ವಾರದ ಪ್ರಯಾಣಕ್ಕೆ ಕಂಪ್ಯೂಟರನ್ನು ಎಚ್ಚರವಾಗಿಯೇ ಬಿಡಿ.

ವಿದ್ಯುತ್ ಹೋಗಿ ಬಂದರೆ? ಬಯೋಸ್‌ನಲ್ಲಿ, ಕರೆಂಟ್ ಮರಳಿದಾಗ ಏನು ಮಾಡಬೇಕೆಂದು ಕೇಳುವ ಒಂದು ಆಯ್ಕೆ ಇರುತ್ತದೆ. ತಯಾರಕರನ್ನು ಅವಲಂಬಿಸಿ ರಿಸ್ಟೋರ್ ಆನ್ ಎಸಿ ಪವರ್ ಲಾಸ್ ಎಂದೋ ಅದಕ್ಕೆ ಹತ್ತಿರದ ಇನ್ನೊಂದು ಹೆಸರಿನಲ್ಲೋ ಅದು ಸಿಗುತ್ತದೆ. ಅದನ್ನು ಪವರ್ ಆನ್ ಎಂದು ಇಡಿ. ಡಿಸ್ಕನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್‌ನಲ್ಲಿ ಆರಂಭಕ್ಕೇ ಪಿನ್ ಕೇಳುವ ವ್ಯವಸ್ಥೆ ಮಾಡಿಕೊಂಡವರಿಗೆ ಇದರಿಂದ ಪ್ರಯೋಜನವಿಲ್ಲ, ಆ ಪಿನ್ ಒತ್ತುವವರೆಗೆ ವಿಂಡೋಸ್ ಏಳುವುದೇ ಇಲ್ಲ. ಮಾನಿಟರ್ ಕಿತ್ತಿಟ್ಟು ಹೋಗುವವರಾದರೆ ಇನ್ನೊಂದು ತೊಡಕಿದೆ: ಪರದೆಯ ಪ್ರತಿಬಿಂಬ ಕಳುಹಿಸುವ ತಂತ್ರಾಂಶಗಳಿಗೆ ಕಳುಹಿಸಲು ಪರದೆಯೇ ಸಿಗದೆ ಕಪ್ಪು ಚಿತ್ರವೋ ಅತಿ ಚಿಕ್ಕ ಚಿತ್ರವೋ ಬರಬಹುದು. ಮಾನಿಟರ್ ಇದೆಯೆಂದು ಕಂಪ್ಯೂಟರನ್ನು ನಂಬಿಸುವ ಪುಟ್ಟ ಎಚ್‌ಡಿಎಂಐ ಡಮ್ಮಿ ಪ್ಲಗ್ ಇದಕ್ಕೆ ಸಾಕು. ಆರ್‌ಡಿಪಿ ತನ್ನ ಪರದೆಯನ್ನು ತಾನೇ ಸೃಷ್ಟಿಸಿಕೊಳ್ಳುವುದರಿಂದ ಅದಕ್ಕೆ ಈ ಚಿಂತೆಯಿಲ್ಲ.

ನಿಮ್ಮ ನಕ್ಷೆಯ ತಂತ್ರಾಂಶದ ಬಗ್ಗೆ ಒಂದು ಮಾತು. ದೂರಸಂಪರ್ಕದಲ್ಲಿ ಚಿತ್ರ ಮನೆಯಿಂದ ಹೊರಕ್ಕೆ ಹೋಗಬೇಕು, ಆದ್ದರಿಂದ ಮನೆಯ ಸಂಪರ್ಕದ ಡೌನ್‌ಲೋಡ್ ವೇಗಕ್ಕಿಂತ ಅಪ್‌ಲೋಡ್ ವೇಗವೇ ಇಲ್ಲಿ ಮುಖ್ಯ. ಲೆಕ್ಕಪತ್ರದಂಥ ನಿಶ್ಚಲ ಪರದೆಗೆ ಸಾಧಾರಣ ವೇಗ ಸಾಕು. ನಕ್ಷೆಯನ್ನು ತಿರುಗಿಸುತ್ತ, ಹಿಗ್ಗಿಸುತ್ತ ಹೋದಾಗ ಇಡೀ ಪರದೆ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಮೌಸ್ ಒಂದು ಹೆಜ್ಜೆ ಹಿಂದೆ ಬಂದಂತೆ ಅನಿಸುತ್ತದೆ. ಸಂದೇಶ ಹೋಗಿ ಬರಲು ತಗಲುವ ಸಮಯ ಹೆಚ್ಚಿದ್ದರೆ ವೇಗ ಎಷ್ಟಿದ್ದರೂ ಈ ತಡವರಿಕೆ ಉಳಿಯುತ್ತದೆ. ಪರದೆಯ ಅಳತೆ ಇಳಿಸಿ, ಹಿನ್ನೆಲೆ ಚಿತ್ರ ತೆಗೆದು, ಮನೆಯ ಕಂಪ್ಯೂಟರನ್ನು ಕೇಬಲ್‌ಗೆ ಜೋಡಿಸಿದರೆ ಆಗುವಷ್ಟು ಸುಧಾರಣೆ ಆಗುತ್ತದೆ. ಸೂಕ್ಷ್ಮವಾದ ಗೆರೆಗಳನ್ನು ಮಾತ್ರ ಮನೆಯಲ್ಲಿದ್ದಾಗಲೇ ಎಳೆಯಿರಿ.

ಹೊರಡುವ ಮುನ್ನ ಪರೀಕ್ಷೆ ಮಾಡಲೇಬೇಕು, ಅದನ್ನು ಮನೆಯ ವೈಫೈ ಮೇಲೆ ಮಾಡಿದರೆ ಮಾಡಿದಂತಲ್ಲ. ಲ್ಯಾಪ್‌ಟಾಪನ್ನು ವೈಫೈನಿಂದ ಬಿಡಿಸಿ ಮೊಬೈಲ್‌ನ ಹಾಟ್‌ಸ್ಪಾಟ್‌ಗೆ ಸೇರಿಸಿ, ಪಕ್ಕದ ಕೋಣೆಯಲ್ಲಿ ಕುಳಿತು ಸಂಪರ್ಕಿಸಿ. ಒಳಗಿನಿಂದ ಮನೆಯ ಕಂಪ್ಯೂಟರ್‌ಗೆ ಮರುಚಾಲನೆಯ ಆದೇಶ ಕೊಟ್ಟು, ಅದು ಎದ್ದ ಮೇಲೆ ಅದನ್ನು ಮುಟ್ಟದೆ ಮತ್ತೆ ಒಳಹೋಗಲು ಸಾಧ್ಯವೇ ನೋಡಿ. ಆಮೇಲೆ ಅದನ್ನು ಆರಿಸಿ, ಗೋಡೆಯ ಸ್ವಿಚ್ಚನ್ನು ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿ, ತಾನಾಗಿ ಏಳುತ್ತದೆಯೇ ನೋಡಿ. ಕೊನೆಗೆ ಮೂರು ನಾಲ್ಕು ಗಂಟೆ ಬಿಟ್ಟು ಇನ್ನೊಮ್ಮೆ. ಇಷ್ಟು ಮಾಡಿದ ಮೇಲೂ ದೂರದಿಂದ ಜಾಲದ ಸೆಟ್ಟಿಂಗ್‌ಗಳಿಗೆ ಕೈಹಾಕಬೇಡಿ. ನಾನೊಮ್ಮೆ ಊರಾಚೆ ಕುಳಿತು, ಸಂಪರ್ಕ ನಿಧಾನವಾಯಿತೆಂದು ಮನೆಯ ಕಂಪ್ಯೂಟರ್‌ನ ಜಾಲಫಲಕವನ್ನು ಒಮ್ಮೆ ನಿಲ್ಲಿಸಿ ಶುರು ಮಾಡೋಣವೆಂದುಕೊಂಡೆ. ಡಿಸೇಬಲ್ ಒತ್ತಿದೆ, ಎನೇಬಲ್ ಒತ್ತಲು ಪರದೆಯೇ ಉಳಿದಿರಲಿಲ್ಲ. ಕುಳಿತ ಕೊಂಬೆಯನ್ನು ಕಡಿದುಕೊಳ್ಳುವುದೆಂದರೆ ಏನೆಂದು ಮುಂದಿನ ಒಂಬತ್ತು ದಿನ ಯೋಚಿಸಿದೆ. ಮನೆಯಲ್ಲಿ ಒಬ್ಬರಿಗಾದರೂ ಕಂಪ್ಯೂಟರ್‌ನ ಪವರ್ ಗುಂಡಿ ಎಲ್ಲಿದೆ, ಎಷ್ಟು ಹೊತ್ತು ಒತ್ತಬೇಕು ಎಂದು ತೋರಿಸಿಟ್ಟಿರಿ.

ಹಾಗೆಯೇ ಮನೆಯವರಿಗೆ ಇನ್ನೊಂದು ಮಾತನ್ನೂ ಹೇಳಿಟ್ಟಿರಿ. ಕಂಪ್ಯೂಟರ್ ದುರಸ್ತಿಯವರೆಂದೋ ಬ್ಯಾಂಕಿನವರೆಂದೋ ಹೇಳಿಕೊಂಡು ಕರೆ ಮಾಡಿ, ಇದೇ ಬಗೆಯ ತಂತ್ರಾಂಶವನ್ನು ಹಾಕಿಸಿ, ಪರದೆಯ ಮೇಲೆ ಕಾಣುವ ಸಂಖ್ಯೆಯನ್ನು ಓದಿ ಹೇಳಿ ಎನ್ನುವವರಿದ್ದಾರೆ. ಆ ಸಂಖ್ಯೆಯನ್ನು ಹೇಳುವುದೆಂದರೆ ಕೀಲಿಮಣೆಯನ್ನು ಅವರ ಕೈಗಿಟ್ಟಂತೆ. ಕೇಳಿದವರು ನೀವೇ ಎಂದು ದನಿಯಿಂದ ಗುರುತಿಸದ ಹೊರತು ಯಾವ ಸಂಖ್ಯೆಯನ್ನೂ ಹೇಳಬಾರದು. ನೀವೂ ಅಷ್ಟೆ, ಹೋಟೆಲಿನ ಅಥವಾ ಪರಿಚಯವಿಲ್ಲದವರ ಕಂಪ್ಯೂಟರ್‌ನಿಂದ ಮನೆಗೆ ಸಂಪರ್ಕಿಸಬೇಡಿ. ನೀವು ಒತ್ತುವ ಪ್ರತಿ ಅಕ್ಷರವನ್ನೂ ಅದು ದಾಖಲಿಸಿಕೊಳ್ಳುತ್ತಿಲ್ಲ ಎನ್ನಲು ಯಾವ ಭರವಸೆಯೂ ಇಲ್ಲ.

ಉಳಿದದ್ದು ನಿಮ್ಮ ಕೊನೆಯ ಪ್ರಶ್ನೆ. ಇದಕ್ಕೆ ಉತ್ತರ ನೀವು ಆರಿಸಿಕೊಂಡ ದಾರಿಯನ್ನು ಅವಲಂಬಿಸಿದೆ. ಆರ್‌ಡಿಪಿಯಲ್ಲಿ ನೀವು ಒಳಬಂದ ಕೂಡಲೇ ಮನೆಯ ಮಾನಿಟರ್ ಲಾಕ್ ಪರದೆಗೆ ಹೋಗುತ್ತದೆ, ನಿಮ್ಮ ಕೆಲಸ ಅಲ್ಲಿದ್ದವರಿಗೆ ಕಾಣುವುದಿಲ್ಲ; ಮನೆಯವರು ಅದೇ ಖಾತೆಯ ಪಾಸ್‌ವರ್ಡ್ ಹಾಕಿ ಒಳಹೊಕ್ಕರೆ ತೆರೆದಿರುವ ಸೆಷನ್ ಅವರ ಕೈಗೆ ಹೋಗುತ್ತದೆ, ನಿಮ್ಮ ಸಂಪರ್ಕ ಕಡಿಯುತ್ತದೆ, ಏಕೆಂದರೆ ಈ ವಿಂಡೋಸ್‌ನಲ್ಲಿ ಒಮ್ಮೆಗೆ ಒಬ್ಬರಿಗಷ್ಟೇ ಜಾಗ. ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್‌ನಂಥವುಗಳಲ್ಲಿ ನೀವು ನೋಡುವುದು ಅಲ್ಲಿನ ಪರದೆಯ ಪ್ರತಿಬಿಂಬವನ್ನು. ಮಾನಿಟರ್ ಆನ್ ಇದ್ದರೆ ಎದುರಿಗಿರುವವರಿಗೆ ಎಲ್ಲವೂ ಕಾಣುತ್ತದೆ, ಮೌಸ್ ತಾನಾಗಿ ಓಡಾಡುವುದನ್ನು ಕಂಡು ಮಕ್ಕಳು ಬೆಚ್ಚಿ ಬಿದ್ದದ್ದೂ ಉಂಟು. ಲೆಕ್ಕಪತ್ರ ಅವರ ಕಣ್ಣಿಗೆ ಬೀಳಬಾರದೆಂದಿದ್ದರೆ ಹೊರಡುವಾಗ ಮಾನಿಟರ್‌ನ ಸ್ವಿಚ್ ಆರಿಸಿ. ಪ್ರತಿ ಬಾರಿ ಕೆಲಸ ಮುಗಿದ ಮೇಲೆ, ಕಿಟಕಿಯನ್ನು ಮುಚ್ಚುವ ಮೊದಲು, ಒಳಗಿನ ವಿಂಡೋಸನ್ನು ಲಾಕ್ ಮಾಡಿ. ಇಲ್ಲವಾದರೆ ನೀವು ಇಲ್ಲಿ ಕಿಟಕಿ ಮುಚ್ಚಿದರೂ ಅಲ್ಲಿ ನಿಮ್ಮ ಖಾತೆ ತೆರೆದೇ ಇರುತ್ತದೆ.